ಸಿಂಥೆಟಿಕ್ ಎಣ್ಣೆಯ ಕಳ್ಳ

ಇನ್ನು ಮುಂದೆ ನನ್ನ ಕಾರಿನ ಎಂಜಿನ್ ಎಣ್ಣೆಯನ್ನು ವರ್ಷಕ್ಕೊಂದೇ ಸಲ ಬದಲಿಸುವುದು ಎಂದು ಘೋಷಿಸಿದ ದಿನ, ಇಡೀ ಬೈಲಹೊಂಗಲದಲ್ಲಿ ನನ್ನಷ್ಟು ಜಾಣ ಕಾರಿನ ಮಾಲೀಕ ಇನ್ನೊಬ್ಬನಿರಲಿಲ್ಲ. ಹಾಗೆಂದು ನನಗಾದರೂ ಖಾತ್ರಿಯಿತ್ತು.

ನಮ್ಮ ಮೆಕ್ಯಾನಿಕ್ ಮಡಿವಾಳೆಪ್ಪ ಬಾನೆಟ್ ಎತ್ತಿದಾಗಲೆಲ್ಲ "ಎಣ್ಣಿ ಕರ್ರಗಾಗೇತ್ರಿ ಸರ, ಬದಲಿ ಮಾಡೂಣೇನ್ರಿ?" ಎನ್ನುತ್ತಿದ್ದ. ಎಣ್ಣೆ ತಾನಾಗಿ ಕಪ್ಪಾಗುತ್ತದೋ, ಇವನೇ ನಾನು ಅತ್ತ ತಿರುಗಿದಾಗ ಕಪ್ಪು ಮಾಡುತ್ತಾನೋ ಎಂಬುದು ನನ್ನ ಬಹುದಿನದ ಸಂಶಯ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಒಳಸಂಚು, ವಿಶ್ವಾಸಘಾತ, ಬೆನ್ನಿಗೆ ಚೂರಿ ಎಂದು ಪಾಠ ಮಾಡಿ ಮಾಡಿ, ಹಾಲಿನವಳ ತಂಬಿಗೆಯಲ್ಲೂ ನನಗೆ ಪಿತೂರಿಯೇ ಕಾಣುತ್ತದೆ.

ಹೀಗಿರುವಾಗ ಸಿಂಥೆಟಿಕ್ ಎಣ್ಣೆಯ ಸುದ್ದಿ ಕಿವಿಗೆ ಬಿತ್ತು. ಕಾವಿಗೆ ಬೇಗ ಕೆಡುವುದಿಲ್ಲ, ದೀರ್ಘಕಾಲ ಬಾಳುತ್ತದೆ, ಪದೇ ಪದೇ ಬದಲಿಸುವ ತಾಪತ್ರಯವಿಲ್ಲ. ಎಂಜಿನ್ನಿಗೆ ಯಾವ ನಮೂನೆಯದು ಹೊಂದುತ್ತದೆಂದು ಕಾರಿನ ಪುಸ್ತಕ ಓದಿ, ಮೊಬೈಲಿನಲ್ಲಿ ನೋಡಿ, ಸ್ಟಾಫ್ ರೂಮಿನಲ್ಲಿ ಚರ್ಚಿಸಿ ಆರಿಸಿದೆ. ಅಂಗಡಿಯಲ್ಲಿ ಡಬ್ಬಿಯ ಸೀಲು ಉಗುರಿನಿಂದ ಕೆರೆದೆ, ಬೆಳಕಿಗೆ ಹಿಡಿದೆ, ಮೂಸಿದೆ, ಅಲ್ಲಾಡಿಸಿ ಕಿವಿಗೊಟ್ಟು ಕೇಳಿದೆ.

"ಸರ, ಎಣ್ಣಿ ಒಯ್ಯಾಕ ಬಂದೀರೋ ಹೆಣ್ಣ ನೋಡಾಕ ಬಂದೀರೋ?" ಎಂದ ಅಂಗಡಿಯವನು.

ಮಡಿವಾಳೆಪ್ಪ ಅದನ್ನು ಸುರಿಯುವಾಗ ಕಣ್ಣು ಮಿಟುಕಿಸದೆ ಪಕ್ಕದಲ್ಲೇ ನಿಂತಿದ್ದೆ. ಉಳಿದ ಎಣ್ಣೆಯನ್ನು ಮನೆಗೆ ತಂದು, ತಿಜೋರಿಯಲ್ಲಿ ಹೆಂಡತಿಯ ರೇಷ್ಮೆ ಸೀರೆಗಳ ಪಕ್ಕ ಇಟ್ಟು ಬೀಗ ಹಾಕಿದೆ.

"ಬಂಗಾರ ಹೊರಗ ಇಡ್ಲೇನ್ರಿ ಹಂಗಾರ? ಜಾಗಾ ಸಾಲೂದಿಲ್ಲ" ಎಂದಳು ಅನ್ನಪೂರ್ಣಾ. ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಇತಿಹಾಸದ ಗಾಂಭೀರ್ಯ ಅವಳಿಗೆ ತಿಳಿಯುವುದಿಲ್ಲ.

ಅಂದಿನಿಂದ ನಸುಕಿನಲ್ಲಿ ಎದ್ದು, ಕೈಯಲ್ಲಿ ಡಬ್ಬಿ, ಲಾಳಿಕೆ, ಟಾರ್ಚು ಹಿಡಿದು, ಎಣ್ಣೆಯ ಮಟ್ಟ ತೋರಿಸುವ ಕಡ್ಡಿಯನ್ನು ಹೊರಗೆಳೆದು ನೋಡುವುದು ನನ್ನ ನಿತ್ಯವ್ರತವಾಯಿತು. ನಮ್ಮ ಮನೆ ರಸ್ತೆಗಿಂತ ಎತ್ತರ. ಗೇಟಿನ ಮುಂದೆ ಸಿಮೆಂಟಿನ ಇಳಿಜಾರು ಇದೆ, ಕಾರು ಅದರ ಮೇಲೆ ಮೂತಿ ಮೇಲೆತ್ತಿಕೊಂಡು ನಿಲ್ಲುತ್ತದೆ. ಎದುರುಮನೆಯ ನಿಜಗುಣಪ್ಪ ಕಾಕಾರ ಟೆಂಪೋ ರಸ್ತೆಯಲ್ಲಿ ನಿಂತ ದಿನ ಮಾತ್ರ ತಿರುಗಿಸಲು ಜಾಗ ಸಾಲದೆ, ಹಿಂದಕ್ಕೆ ಹತ್ತಿಸಿ ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದೆ. ಕಾಕಾರದು ಮಾರ್ಕೆಟ್ ಯಾರ್ಡಿನಲ್ಲಿ ದಲಾಲಿ ಅಂಗಡಿ. ಟೆಂಪೋ ಸಾಮಾನ್ಯವಾಗಿ ಅಲ್ಲೇ ಇರುತ್ತಿತ್ತು, ಎಂದಾದರೊಮ್ಮೆ ಮನೆಗೆ ಬರುತ್ತಿತ್ತು.

ಹಾಗೆ ಟೆಂಪೋ ಬಂದು ನಿಂತ ಮರುದಿನ ಬೆಳಿಗ್ಗೆ ಕಡ್ಡಿ ಎಳೆದು ನೋಡಿದೆ. ಎಣ್ಣೆ ಕೆಳಗಿನ ಗುರುತಿಗೆ ಇಳಿದಿತ್ತು.

"ಅನ್ನಪೂರ್ಣಾ, ಎಣ್ಣಿ ಕಳುವಾಗೇತಿ."

"ಅಡಗಿ ಮನಿಯಾಗ ಐತಲ್ರಿ, ಈಗಷ್ಟ ಒಗ್ಗರಣಿ ಹಾಕೇನಿ."

"ಕಾರಿನ ಎಣ್ಣಿ."

"ಸೋರಿದ್ರ ನೆಲದ ಮ್ಯಾಲ ಇರತಿತ್ತು."

"ನೆಲಾ ಸ್ವಚ್ಛ ಐತಿ. ಅದಕ್ಕ ಕಳುವು ಅನ್ನಾಕ ಹತ್ತೇನಿ."

ತಿಜೋರಿ ತೆಗೆದು, ದುಬಾರಿ ಎಣ್ಣೆಯೆಂದು ಕೈ ಹಿಡಿದು ಒಂದಿಷ್ಟೇ ಸುರಿದೆ. ಆ ಮೇಲೆ ವಿಚಿತ್ರ ನಡೆಯಿತು. ಟೆಂಪೋ ಇರುವ ರಾತ್ರಿಯೆಲ್ಲ ಎಣ್ಣೆ ಇಳಿಯುತ್ತಿತ್ತು. ಇರದ ರಾತ್ರಿ ಏರುತ್ತಿತ್ತು, ಅದೂ ಮೇಲಿನ ಗುರುತನ್ನು ದಾಟಿ. ಕದ್ದವನು ತಿರುಗಿ ತಂದು ಹಾಕುವುದುಂಟೇ? ಯೋಚಿಸಿ ಯೋಚಿಸಿ ಕಡೆಗೆ ಹೊಳೆಯಿತು. ನಿಜಗುಣಪ್ಪ ಕಾಕಾ ನನ್ನ ಸಿಂಥೆಟಿಕ್ ಎಣ್ಣೆಯನ್ನು ತಮ್ಮ ಟೆಂಪೋಗೆ ಇಳಿಸಿಕೊಳ್ಳುತ್ತಿದ್ದಾರೆ. ಗೊತ್ತಾಗದಿರಲೆಂದು ಅದರ ಬದಲಿಗೆ ತಮ್ಮ ಹಳೆಯ ಎಣ್ಣೆಯನ್ನು ನನ್ನ ಎಂಜಿನ್ನಿಗೆ ತುಂಬುತ್ತಿದ್ದಾರೆ. ಅದಕ್ಕೇ ಈಚೆಗೆ ಟೆಂಪೋ ದಿನಾಲೂ ಮನೆಯ ಮುಂದೆ ಬಂದು ನಿಲ್ಲುತ್ತಿದೆ.

"ಕಾಕಾರಿಗೆ ಮಾಡಾಕ ಬ್ಯಾರೆ ಕೆಲಸಿಲ್ಲೇನ್ರಿ?" ಎಂದಳು ಅನ್ನಪೂರ್ಣಾ. "ನಮ್ಮ ವಿಜಯಾನ ಸಂಬಂಧಕ್ಕ ಮುಂದ ನಿಂತು ಮಾತಾಡಾವ್ರ ಅವರು. ರಾಮದುರ್ಗದ ಮಂದಿ ಅವರ ಮಾತಿನ ಮ್ಯಾಲ ಹೂಂ ಅನ್ನಾಕ ಹತ್ತ್ಯಾರ. ಏನರ ಅಂದು ಕೆಡಿಸೀರಿ ಮತ್ತ."

ವಿಜಯಾ ಅವಳ ತಂಗಿ. ಎರಡು ವರ್ಷ ವರ ನೋಡಿ ನೋಡಿ ಸಾಕಾಗಿ, ಈಗೊಂದು ಒಳ್ಳೆಯ ಮನೆತನ ಸಿಕ್ಕಿತ್ತು. ಆದ್ದರಿಂದ ಬಾಯಿ ಮುಚ್ಚಿಕೊಂಡು ಸಾಕ್ಷಿ ಕಲೆಹಾಕಲು ನಿರ್ಧರಿಸಿದೆ. ಒಂದು ಸಂಜೆ ಬಾನೆಟ್ಟಿನ ಅಂಚಿಗೆಲ್ಲ ಎಲ್ಲಮ್ಮನ ಭಂಡಾರದ ಅರಿಶಿನ ಸವರಿದೆ. ಮುಟ್ಟಿದವನ ಕೈ ಹಳದಿಯಾಗಲೇಬೇಕು.

ಬೆಳಿಗ್ಗೆ ಬಾಗಿಲು ತೆಗೆದರೆ ಕಾಕಾರೇ ನಿಂತಿದ್ದರು. ಎರಡೂ ಅಂಗೈ ಅಚ್ಚ ಹಳದಿ.

"ನಿನ್ನೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗಿದ್ವಿರಿ ಸರ. ಭಂಡಾರ ತಗೋರಿ, ಕಡಬೂ ಅದಾವು."

ಎಂಥ ಮುಂಜಾಗ್ರತೆ! ಕೈ ಹಳದಿಯಾದ ಕೂಡಲೇ ಸವದತ್ತಿಗೆ ಹೋಗಿ ಬಂದ ಕಥೆ ಕಟ್ಟಿ, ಕಡಬಿನ ಸಾಕ್ಷಿಯನ್ನೂ ಬೇಯಿಸಿ ತಂದಿದ್ದಾರೆ. ಕಡಬು ರುಚಿಯಾಗಿತ್ತು. ಅದರಿಂದ ಸಂಶಯ ಇನ್ನಷ್ಟು ಬಲವಾಯಿತು.

ಮಾತುಕತೆಯ ದಿನ ರಾಮದುರ್ಗಕ್ಕೆ ನನ್ನ ಕಾರಿನಲ್ಲೇ ಹೊರಟೆವು. ಮುಂದೆ ನನ್ನ ಪಕ್ಕ ಕಾಕಾ, ಹಿಂದೆ ಅನ್ನಪೂರ್ಣಾ ಮತ್ತು ಕಾಕಾರ ಹೆಂಡತಿ ಗುರವ್ವ. ಹೊರಡುವ ಮೊದಲು ಕಡ್ಡಿ ನೋಡಿದ್ದೆ, ಮೂತಿ ಕೆಳಗಿತ್ತು, ಎಣ್ಣೆಯೂ ಕೆಳಗಿತ್ತು. ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಸುರಿದು ಬಂದಿದ್ದೆ.

ಸವದತ್ತಿ ದಾಟಿತು. ಕಾಕಾ ನನ್ನ ಮುಖ ನೋಡದೆ ಕೇಳಿದರು. "ಈ ಗಾಡಿ ಡೀಸೆಲ್ಲಿಂದೇನ್ರಿ ಸರ?"

"ಹೌದ್ರಿ."

"ಹಾಂ" ಎಂದು ಗುರವ್ವನ ಕಡೆ ತಿರುಗಿ ನೋಡಿದರು. ಗುರವ್ವ ತಲೆಯಾಡಿಸಿದಳು.

ನಾನೂ ಬಿಡಲಿಲ್ಲ. ದೂರದಲ್ಲಿ ತೊರಗಲ್ ಕೋಟೆ ಕಂಡಾಗ ಹೇಳಿದೆ. "ಕೋಟಿ ಎಷ್ಟ ಗಟ್ಟಿ ಇದ್ರ ಏನ್ರಿ ಕಾಕಾರ, ಹತ್ತಿರದವರೇ ಬಾಗಲಾ ತಗದ್ರ ಮುಗೀತು."

"ಖರೆ ಐತ್ರಿ. ಈಗಿನ ಕಾಲದಾಗ ಎದುರಮನಿಯವರನ್ನೂ ನಂಬಬಾರದು" ಎಂದರು ಕಾಕಾ.

ಕಳ್ಳನೇ ಹೀಗೆ ಹೇಳಿದರೆ ಏನು ಮಾಡುವುದು? ಸಿಟ್ಟಿನಲ್ಲಿ ವೇಗ ಹೆಚ್ಚಿಸಿದೆ. ಕಾರು ಒಮ್ಮೆ ಕೆಮ್ಮಿತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆಯೇ ಇಲ್ಲ. ನೀಲಿ ಹೊಗೆ ಮೋಡದಂತೆ ಕವಿದಿತ್ತು, ಅದರೊಳಗಿನಿಂದ ಒಬ್ಬ ಬೈಕಿನವನು ಬೈಯುತ್ತ ಹೊರಬಂದ. ರಸ್ತೆಯ ಬದಿಗೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ.

"ನೋಡ್ರಿ ಕಾಕಾರ" ಎಂದೆ. ತಡೆದಿಟ್ಟುಕೊಂಡಿದ್ದ ಮಾತು ಹೊರಬಿತ್ತು. "ನನ್ನ ಛಲೋ ಎಣ್ಣಿ ತಗದು, ನಿಮ್ಮ ಟೆಂಪೋದ ಎಣ್ಣಿ ಹಾಕಿದ್ದಕ್ಕ ಈ ಗತಿ ಆತು."

ಕಾಕಾ ಕೆಳಗಿಳಿದರು. ಮುಖ ಕೆಂಪಾಗಿತ್ತು. "ನಾ ನಿಮ್ಮ ಎಣ್ಣಿ ತಗದೇನ್ರಿ? ದಿನಾ ನಸುಕಿನ್ಯಾಗ ಡಬ್ಬಿ, ಲಾಳಿಕಿ ಹಿಡಕೊಂಡು ನನ್ನ ಟೆಂಪೋದ ಬಾಜೂಕ ಕುಂಡರಾವ್ರು ಯಾರ್ರಿ? ಡೀಸೆಲ್ ಕಮ್ಮಿ ಆಗಾಕ ಹತ್ತೇತಿ ಅಂತ ನಾ ಬಾಯಿ ಬಿಟ್ಟೇನೇನು? ಬೀಗತನದ ಮಾತು ನಡದೇತಿ ಅಂತ ಸುಮ್ಮನಿದ್ದೆ. ಕಣ್ಣ ಮುಂದ ಇರಲಿ ಅಂತ ಟೆಂಪೋ ದಿನಾ ಮನಿಗೆ ತಂದು ನಿಂದರಸಾಕ ಹತ್ತೇನಿ."

ನನ್ನನ್ನೂ ಯಾರಾದರೂ ಸಂಶಯಪಡಬಹುದು ಎಂಬುದು ಅದುವರೆಗೆ ತಲೆಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಅನ್ನಪೂರ್ಣಾ ಬಾನೆಟ್ ಎತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ಒರೆಸಿ, ಅದ್ದಿ, ಎಳೆದು ನೋಡಿದಳು. ಎಣ್ಣೆ ಮೇಲಿನ ಗುರುತನ್ನು ಗೇಣುದ್ದ ಅನ್ನುವಷ್ಟು ದಾಟಿತ್ತು, ಹೊಗೆಯಾಗಿ ಬಂದದ್ದು ಆ ಹೆಚ್ಚಿನ ಎಣ್ಣೆಯೇ.

"ಮನಿಯಾಗ ಇದನ್ನ ಎಲ್ಲಿ ನಿಂದರಿಸಿ ನೋಡತಿದ್ರಿ?"

"ಗೇಟಿನ ಮುಂದ."

"ಇಳಿಜಾರಿನ ಮ್ಯಾಲ?"

ಉತ್ತರಕ್ಕೆ ಕಾಯದೆ ಅರ್ಧ ತುಂಬಿದ ನೀರಿನ ಬಾಟಲಿ ಹಿಡಿದಳು. ಒಂದು ಕಡೆ ವಾಲಿಸಿದಳು, ನೀರು ಅತ್ತ ಸರಿಯಿತು. ಇನ್ನೊಂದು ಕಡೆ ವಾಲಿಸಿದಳು, ಇತ್ತ ಬಂತು.

"ನೋಡ್ರಿ. ಈ ಕಡೆ ನೀರ ಕಮ್ಮಿ ಆತು. ಯಾರ್ರಿ ಕದ್ದಾವ್ರು, ಗುರವ್ವಕಾಕಿನೋ?"

ಗುರವ್ವ ಸೆರಗು ಬಾಯಿಗೆ ಹಿಡಿದಳು. ಕಾಕಾ ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು. ಟೆಂಪೋ ಬಂದದ್ದಕ್ಕೆ ಕಾರು ತಿರುಗಿತ್ತು, ಕಾರು ತಿರುಗಿದ್ದಕ್ಕೆ ಎಣ್ಣೆ ಇಳಿದಿತ್ತು, ಎಣ್ಣೆ ಇಳಿದದ್ದಕ್ಕೆ ನಾನು ಡಬ್ಬಿ ಹಿಡಿದಿದ್ದೆ, ಡಬ್ಬಿ ಕಂಡದ್ದಕ್ಕೆ ಟೆಂಪೋ ಮತ್ತೆ ಬಂದಿತ್ತು.

"ಮತ್ತ ನನ್ನ ಡೀಸೆಲ್?" ಎಂದರು ಕಾಕಾ ಮೆಲ್ಲಗೆ.

"ಟೆಂಪೋನೂ ವಾಲಿ ನಿಂದರತೇತಲ್ರಿ ಗಟಾರದ ಕಡೆ" ಎಂದಳು ಅನ್ನಪೂರ್ಣಾ. "ಡೀಸೆಲ್ಲಿನ ಮುಳ್ಳು ಹಂಗ ಕಮ್ಮಿ ತೋರಿಸತೇತಿ."

ನಾನು ಕೈ ಮುಗಿದೆ. "ತಪ್ಪಾತ್ರಿ ಕಾಕಾರ."

ಅವರು ಫೋನ್ ತೆಗೆದು ರಾಮದುರ್ಗಕ್ಕೆ ಮಾತಾಡಿದರು. ವರ ಮಧು ಟ್ರ್ಯಾಕ್ಟರ್ ತಂದ. ಭಾವಿ ಷಡ್ಡಕನ ಕಾರಿಗೆ ತಾನೇ ಹಗ್ಗ ಕಟ್ಟಿ, ಬೀಗರ ಮನೆಯವರೆಗೆ ಎಳೆದೊಯ್ದ. ಓಣಿಯ ಜನ ಬಾಗಿಲಿಗೆ ಬಂದು ನಿಂತಿದ್ದರು. ನಾನು ಸ್ಟೇರಿಂಗ್ ಹಿಡಿದು ಗಂಭೀರವಾಗಿ ಕುಳಿತಿದ್ದೆ, ಓಡಿಸುತ್ತಿರುವವನು ನಾನೇ ಎನ್ನುವ ಹಾಗೆ.

ಒಳಗೆ ಚುರುಮುರಿಯ ಸೂಸಲ, ಮಿರ್ಚಿ ಭಜಿ ಬಂತು. ವರನ ತಂದೆ ಶಿವಲಿಂಗಪ್ಪನವರು ಹುಡುಗಿಯ ಓದು, ಊರು ಎಲ್ಲ ಕೇಳಿ, ಕೊನೆಗೆ ಕಾಕಾರ ಕಡೆ ತಿರುಗಿದರು. "ನೀವು ಎದುರ ಮನಿಯಾಗ ಇರಾವ್ರು ನಿಜಗುಣಪ್ಪನವರ. ನಿಮಗ ಗೊತ್ತಿದ್ದಷ್ಟ ನಮಗ ಗೊತ್ತಿಲ್ಲ. ಮಂದಿ ಹೆಂಗ ಅದಾರ್ರಿ?"

ಕಾಕಾ ಮಿರ್ಚಿ ಕೆಳಗಿಟ್ಟರು. ಕೈ ಒರೆಸಿಕೊಂಡರು. ನನ್ನ ಕಡೆಗೆ ಒಮ್ಮೆ ದೀರ್ಘವಾಗಿ ನೋಡಿದರು.

"ಭಾಳ ಎಚ್ಚರಿಕಿ ಮಂದಿ ಅದಾರ್ರಿ" ಎಂದರು ಕಾಕಾ. "ನಸುಕಿನ್ಯಾಗ ಎದ್ದು ಕಾವಲ ಮಾಡತಾರ. ನಮ್ಮ ಓಣಿಯಾಗ ಕಳ್ಳರ ಇಲ್ಲ. ಆದ್ರೂ ಇವರು ಹಿಡದ ಬಿಡತಾರ."

"ಹಂತಾ ಮಂದೀನ ಬೇಕಾಗಿತ್ತ ನೋಡ್ರಿ ನಮಗ" ಎಂದು ಶಿವಲಿಂಗಪ್ಪನವರು ಸಂತೋಷದಿಂದ ನನ್ನ ಕೈ ಹಿಡಿದುಕೊಂಡರು.