ಬಿಲ್ಲೆ ಹಾಕಿದ ಮೇಲೆ ಬಂದ ಮೊದಲ ರೋಗಿ

ನಿವೃತ್ತನಾದ ಗಂಡ ಹಗಲಿಡೀ ಮನೆಯಲ್ಲಿದ್ದರೆ ಹೆಂಡತಿಗೆ ಹೇಗಾಗುತ್ತದೆ ಎಂಬುದನ್ನು ನನ್ನ ನಡೀನ್ ಒಂದೇ ಮಾತಿನಲ್ಲಿ ಹೇಳಿದಳು: "ಹ್ಯಾರ್ಲನ್, ನೀನೊಂದು ಕೆಲಸ ಹುಡುಕ್ಕೊ. ಇಲ್ಲಾಂದ್ರೆ ನಾನೇ ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋತೀನಿ."

ಹಾಗಾಗಿ ನಮ್ಮ ವಿಸ್ಕಾನ್ಸಿನ್ ಊರಿನ ಕೃಷಿ ಕಚೇರಿಯಲ್ಲಿ ಚಳಿಗಾಲವಿಡೀ ತರಬೇತಿ ಪಡೆದು, ಜನರಿಗೆ ಕೈತೋಟದ ಪಾಠ ಹೇಳುವ ಸ್ವಯಂಸೇವಕನಾದೆ. ಎದೆಗೊಂದು ಹಸಿರು ಬಿಲ್ಲೆ ಬಂತು. (ಅದನ್ನು ಹಾಕಿಕೊಂಡು ಊಟಕ್ಕೆ ಕೂತದ್ದು ಒಂದೇ ದಿನ. ನಡೀನ್ ಒಂದು ವಾರ ಅನ್ನುತ್ತಾಳೆ.) ಸಸ್ಯವೈದ್ಯಶಿರೋಮಣಿಯಾದ ಮೇಲೆ ನಾನು ಕೊಟ್ಟ ಮೊದಲ ತೀರ್ಪು, ಹಳೆಯ ಬಣ್ಣದ ಡಬ್ಬಿಗಳಲ್ಲಿ ಅವಳು ನೆಟ್ಟಿದ್ದ ಎರಡು ಟೊಮೆಟೊ ಸಸಿಗಳು ಅವೈಜ್ಞಾನಿಕ, ಕೂಡಲೇ ಎಸೆಯತಕ್ಕದ್ದು. ಎರಡನೆಯದು, ಬಿಲ್ಲೆ ಹಾಕಿದವನ ಹುಲ್ಲುಹಾಸಿನಲ್ಲಿ ಒಂದೇ ಒಂದು ಕಳೆ ಇರಕೂಡದು. ಪಂಪಿಗೆ ಕಳೆನಾಶಕ ತುಂಬಿ ಹೊರಟೆ.

"ಗಾಳಿ ಜೋರಾಗಿದೆ, ನಾಳೆ ಹೊಡಿ."

"ತರಬೇತಿ ಆಗಿರೋದು ನಿನಗೋ ನನಗೋ?"

ಅವಳು ಸುಮ್ಮನೆ ಒಳಗೆ ಹೋದಳು. (ಹಾಗೆ ಹೋದರೆ ನಾನು ಗೆದ್ದೆ ಎಂದು ನಲವತ್ತು ವರ್ಷಗಳಿಂದ ತಿಳಿದುಕೊಂಡಿದ್ದೇನೆ.)

ಎರಡು ವಾರದ ಮೇಲೆ, ಶನಿವಾರದ ಸಂತೆಯಲ್ಲಿ ನಾನು ಸಲಹೆ ಕೊಡಲು ಕೂತಿದ್ದ ಮೇಜಿಗೆ ಮೊದಲ ರೋಗಿ ಬಂದಿತು. ತಂದವರು ಪಕ್ಕದ ಮನೆಯ ಎಲ್ಡಾ, ತೀರಿಕೊಂಡ ಓರಿನ್‌ನ ಹೆಂಡತಿ. ಪ್ಲಾಸ್ಟಿಕ್ ಚೀಲದೊಳಗೆ ಮುದುಡಿ ತಿರುಚಿಕೊಂಡ ಟೊಮೆಟೊ ಕುಡಿ.

"ನಮ್ಮ ಓರಿನ್ ವರ್ಷಾ ವರ್ಷಾ ಬೀಜ ಎತ್ತಿಡ್ತಿದ್ದ ಟೊಮೆಟೊ ಕಣಪ್ಪ. ಅವನು ಹೋದ್ಮೇಲೆ ಉಳಿದಿದ್ದ ಬೀಜ ಅಷ್ಟನ್ನೂ ಈ ಸಲ ಹಾಕ್ಬಿಟ್ಟೆ. ಆರೂ ಗಿಡ ಹೀಗೇ ಆಗಿದೆ. ಬದುಕುತ್ತಾ?"

ಬಾಯಿ ಬಿಡುವ ಮೊದಲು ಹತ್ತು ಪ್ರಶ್ನೆ ಕೇಳಬೇಕು ಎಂಬುದು ನಮಗೆ ಕಲಿಸಿದ ಮೊದಲ ಪಾಠ. ನಾನು ಒಂದನ್ನೂ ಕೇಳಲಿಲ್ಲ. ಹಿಂದೆ ನಿಂತವರಿಗೂ ಕೇಳಲಿ ಎಂದು ದನಿ ಎತ್ತಿದೆ: "ಇದು ರೋಗ ಅಲ್ಲ. ಯಾರೋ ತಲೆಕೆಟ್ಟೋನು ಗಾಳಿ ಬೀಸೋವಾಗ ಕಳೆನಾಶಕ ಹೊಡೆದಿದ್ದಾನೆ. ಅಂಥೋರಿಗೆ ಪಂಪು ಮುಟ್ಟೋಕೇ ಬಿಡಬಾರದು!"

ಎಲ್ಡಾ ನನ್ನ ಎದೆಯನ್ನೇ ನೋಡಿದರು. "ಅಡುಗೆಮನೆ ಕಿಟಕೀಲಿ ನೋಡ್ತಿದ್ದೆ. ಆ ತಲೆಕೆಟ್ಟೋನೂ ಇದೇ ಬಿಲ್ಲೆ ಹಾಕಿದ್ದ."

ನಾನು ಬಿಲ್ಲೆಯ ಮೇಲೆ ಕೈ ಮುಚ್ಚಿದೆ. "ಆಗ್ಲೇ ಯಾಕೆ ಕೂಗಿ ಹೇಳ್ಲಿಲ್ಲ ನೀವು?"

"ಕಲಿತೋನಲ್ವಾ, ತಿಳಿದೇ ಹೊಡೀತಿರ್ತಾನೆ ಅಂದ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಂಬಿದ್ದೆ ಅಂದರಲ್ಲ, ಅದಕ್ಕೆ ಅಳು ಬಂತು. ಓರಿನ್ ಬಿಟ್ಟುಹೋದ ಬೀಜದ ವಂಶವನ್ನೇ ನಾನು ಮುಗಿಸಿದ್ದೆ.

ಮನೆಗೆ ಬಂದು ಬಿಲ್ಲೆ ತೆಗೆದಿಟ್ಟು ನಡೀನ್‌ಗೆ ಎಲ್ಲವನ್ನೂ ಒಪ್ಪಿಸಿದೆ. ಅವಳು ನನ್ನನ್ನು ಕಾರಿನ ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದಳು. ಗಾಳಿ ತಾಗದ ಗೋಡೆಯ ಮರೆಯಲ್ಲಿ, ಬಣ್ಣದ ಡಬ್ಬಿಗಳಲ್ಲಿ, ಮೊಣಕಾಲೆತ್ತರದ ಎರಡು ಟೊಮೆಟೊ ಗಿಡ!

"ಎಸಿ ಅಂದ್ಯಲ್ಲ, ಇಲ್ಲಿಗೆ ಎಸೆದೆ. ಹೋದ ವರ್ಷ ಓರಿನ್ ತಾನೇ ಕೊಟ್ಟಿದ್ದ ಬೀಜ."

ಆ ಡಬ್ಬಿಗಳನ್ನು ನಾನೇ ಹೊತ್ತುಕೊಂಡು ಹೋಗಿ ಎಲ್ಡಾರ ಜಗಲಿಯಲ್ಲಿಟ್ಟೆ. ಅವರು ಒಂದು ಎಲೆ ಉಜ್ಜಿ ಮೂಸಿದರು.

"ಪಂಪು ಎಲ್ಲಿ?"

"ಒಳಗಿಟ್ಟು ಬೀಗ ಹಾಕಿದ್ದೀನಿ."

"ಬೀಗದ ಕೈ ನಡೀನ್ ಹತ್ರ ಇರ್ಲಿ."

ತಿಂಗಳ ಕೊನೆಗೆ ಕಚೇರಿಯ ನಮೂನೆ ತುಂಬಲು ಕೂತೆ. 'ಎಷ್ಟು ಜನರಿಗೆ ಕಲಿಸಿದಿರಿ?' ಎಂಬಲ್ಲಿ ತುಂಬ ಯೋಚಿಸಿ, ಪ್ರಾಮಾಣಿಕವಾಗಿ 'ಒಬ್ಬನಿಗೆ' ಎಂದು ಬರೆದೆ.

ನಡೀನ್ ಹಿಂದಿನಿಂದ ಬಗ್ಗಿ ನೋಡಿದಳು. "ಅವನಿನ್ನೂ ಪಾಸಾಗಿಲ್ಲ ಅಂತಾನೂ ಬರಿ."