ದೇವಿದಾಸನ ಸ್ಪೀಕರಿನ ಗೊರಕೆ

ಬೆಳಗಿನ ಚಾ ಲೋಟ ದೇವಿದಾಸನ ಕೈಗೆ ಬರುವ ಮೊದಲೇ ಕಾರವಾರದಿಂದ ಗುರುಪ್ರಸಾದನ ಫೋನು ಬಂತು. ಊರೂರಿನ ಹಳೇ ಹಾಡು ಕೂಡಿಹಾಕುವುದು ಅವನ ಕೆಲಸ.

"ನಾಗಕ್ಕನ ಹಾಡು ಬಂಗಾರ. ಆದ್ರೆ ಹಿಂದೆ ಯಾರೋ ಗೊರಕೆ ಹೊಡೀತಾ ಇದ್ದಾರಲ್ಲ ಮಾರಾಯಾ. ಸಂಜೆಯೊಳಗೆ ಅದಿಲ್ಲದ್ದು ಕಳಿಸು. ಇಲ್ದಿದ್ರೆ ಅವಳನ್ನ ಹುಬ್ಬಳ್ಳಿ ಸ್ಟುಡಿಯೋಕ್ಕೆ ಕರ್ಕೊಂಡು ಹೋಗ್ತೆ."

ಗೊರಕೆ ಯಾರದೆಂದು ದೇವಿದಾಸನಿಗೆ ಗೊತ್ತಿತ್ತು. ಅವರ್ಸಾ ಊರಿನ ತನ್ನ ಮನೆಯ ಹಿಂಬದಿ ಕೋಣೆಯನ್ನು ಸ್ಟುಡಿಯೋ ಮಾಡಿ ತಂದಿಟ್ಟ ಎರಡು ಸ್ಪೀಕರುಗಳದು. ಸ್ವಿಚ್ ಒತ್ತಿದ ಗಳಿಗೆಯಿಂದ ಅವು ಮದುವೆಯೂಟ ಮುಗಿಸಿ ಜಗುಲಿಯಲ್ಲಿ ಒರಗಿದ ಬೀಗರ ಹಾಗೆ ಒಂದೇ ಸಮ ಗುಂಯ್‌ಗುಡುತ್ತಿದ್ದವು. ನಿನ್ನೆ ರೆಕಾರ್ಡಿಂಗಿನ ಹೊತ್ತಿಗೆ ಆರಿಸಲು ಹೋದರೆ, ಮೀನು ಮಾರುವ ನಾಗಿ "ಇರ್ಲಿ ಬಿಡು ತಮಾ" ಎಂದಿದ್ದಳು. ಆರಿಸಿದರೆ ತನ್ನ ದನಿ ಯಂತ್ರದೊಳಗೆ ಹೋಗುವುದಿಲ್ಲವೆಂದು ಮುದುಕಿ ತಿಳಿದಿರಬೇಕು ಎಂದುಕೊಂಡು ಅವನೂ ಹಾಗೇ ಬಿಟ್ಟಿದ್ದ. ಮೊದಲು ಹಾಡುವುದೇ ಇಲ್ಲ ಎಂದು ಹಟ ಹಿಡಿದವಳು ಹಾಡಿದ್ದೇ ಹೆಚ್ಚಾಗಿತ್ತು.

ಈ ಕೆಲಸ ತಪ್ಪಿದರೆ ಸ್ಟುಡಿಯೋ ಮುಗಿಯಿತು. ಹೆಂಡತಿ ದಮಯಂತಿ ಆ ಕೋಣೆಯನ್ನು ಬಿಣಗಾ ಫ್ಯಾಕ್ಟರಿಯ ಇಬ್ಬರು ನೌಕರರಿಗೆ ಬಾಡಿಗೆಗೆ ಕೊಡಲು ಮಾತಾಡಿಯಾಗಿತ್ತು. "ಇವತ್ತಿಂದು ಒಂದು ನೋಡ್ತೆ" ಎಂದಷ್ಟೇ ಬಿಟ್ಟಿದ್ದಳು.

ದೇವಿದಾಸ ವಯರು ಬಿಚ್ಚಿ ಹಾಕಿದ, ಹಾಕಿ ಬಿಚ್ಚಿದ. ಗುಂಯ್. ಸಿಟ್ಟಿಗೆ ಸ್ಪೀಕರಿನ ತಲೆಗೊಂದು ಕೊಟ್ಟ. ಆ ಸದ್ದಿಗೆ ಪಕ್ಕದ ಮನೆಯ ತುಳಸಿದಾಸ ಬೇಲಿ ದಾಟಿ ಬಂದ. ನಿವೃತ್ತ ಲೈನ್‌ಮನ್. ಕರೆಯದೆ ಬರುವುದರಲ್ಲಿ ಮಾತ್ರ ಅವನಿಗೆ ನಿವೃತ್ತಿಯಿಲ್ಲ.

"ಅರ್ಥಿಂಗ್ ಒಣಗಿದೆ ದೇವಿದಾಸಾ. ಈ ಬೇಸಿಗೇಲಿ ಮನುಷ್ಯರಿಗೇ ನೀರಿಲ್ಲ, ಅದಕ್ಕೆಲ್ಲಿಂದ? ಉಪ್ಪುನೀರು ಹೊಯ್ಯಿ."

ಮಾವಿನಮಿಡಿಗೆಂದು ದಮಯಂತಿ ಎತ್ತಿಟ್ಟಿದ್ದ ಕಲ್ಲುಪ್ಪೆಲ್ಲ ಕರಗಿ, ಕರಿಬೇವಿನ ಗಿಡದ ಬುಡದ ಅರ್ಥಿಂಗ್ ಗುಂಡಿಗೆ ಹೋಯಿತು. ಕೊಡ ಹೊತ್ತು ದೇವಿದಾಸನ ಸೊಂಟ ಹಿಡಿಯಿತು. ಗುಂಯ್ ಹಾಗೇ ಇತ್ತು.

"ಉಪ್ಪು ಇಳೀಲಿಕ್ಕೆ ಹೊತ್ತು ಬೇಕು" ಎಂದ ತುಳಸಿದಾಸ.

"ಉಪ್ಪೂ ಇಲ್ಲ ಸೊಪ್ಪೂ ಇಲ್ಲ, ಅದು ಫ್ರಿಜ್ಜಿಂದು" ಎನ್ನುತ್ತ ಎದುರುಮನೆಯ ದತ್ತಾ ಒಳಗೆ ಬಂದು ಫ್ರಿಜ್ಜು ಆರಿಸಿದ. ಆಮೇಲೆ ಪಂಪು, ಆಮೇಲೆ ಟೀವಿ. ಟೀವಿಯ ಕೇಬಲ್ ವಯರನ್ನಂತೂ ಚರಂಡಿಯಿಂದ ಹಾವನ್ನು ಎಳೆದಂತೆ ಎಳೆದು ಹೊರಗೆ ಹಾಕಿದ. ಗುಂಯ್. ಇಬ್ಬರೂ ಚಾ ಕೇಳಿದರು. ದೇವಿದಾಸ ಅಲ್ಲೇ ನೆಲಕ್ಕೆ ಕುಳಿತ. ಬೈಯುವುದಕ್ಕೂ ಅವನಲ್ಲಿ ದಮ್ಮು ಉಳಿದಿರಲಿಲ್ಲ.

ಮಧ್ಯಾಹ್ನ ದಮಯಂತಿ ಫ್ರಿಜ್ಜು ತೆಗೆದಳು. ಬಂಗಡೆ ಮೀನಿನ ವಾಸನೆ ಅವಳಿಗಿಂತ ಮೊದಲು ಸ್ಟುಡಿಯೋಕ್ಕೆ ಬಂತು.

"ಯಾರು ಇದನ್ನ ಆರಿಸ್ದೋರು?"

ಮೂವರೂ ಸ್ಪೀಕರಿನ ಕಡೆ ನೋಡಿದರು. ಅವಳು ಒಂದೊಂದು ಗೋಡೆಯಲ್ಲಿ ಒಂದೊಂದರಂತೆ ಸಿಕ್ಕಿಸಿದ್ದ ಸ್ಟುಡಿಯೋದ ಪ್ಲಗ್ಗುಗಳನ್ನೆಲ್ಲ ಕಿತ್ತು, ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತುರುಕಿ, "ನಿಮ್ಮ ಸಂಸಾರ ಇಲ್ಲೇ ಇರ್ಲಿ. ಉಳಿದ ಮನೆ ನಂದು" ಎಂದು ಫ್ರಿಜ್ಜು ಹಚ್ಚಲು ಹೋದಳು.

ಗುಂಯ್ ನಿಂತಿತು. ಸ್ಪೀಕರಿನ ದೀಪ ಹೊತ್ತಿಕೊಂಡೇ ಇತ್ತು, ಸದ್ದು ಮಾತ್ರ ಇಲ್ಲ.

"ಉಪ್ಪು ಇಳೀತು, ನೋಡು" ಎಂದ ತುಳಸಿದಾಸ. "ಕೇಬಲ್ ತೆಗೆದದ್ದು ನಾನು" ಎಂದ ದತ್ತಾ.

ದೇವಿದಾಸ ಹೇಳಿಕಳಿಸಿದ್ದಕ್ಕೆ, ಮಾರ್ಕೆಟ್ಟು ಮುಗಿಸಿದ ನಾಗಿ ಬುಟ್ಟಿ ಹೊರಗಿಟ್ಟು ಬಂದು ಮೈಕಿನ ಮುಂದೆ ಕುಳಿತಳು. ಬಾಯಿ ತೆರೆದವಳು ಮುಚ್ಚಿದಳು. ಸ್ಪೀಕರಿಗೆ ಕಿವಿ ಹಚ್ಚಿದಳು.

"ಎಲ್ಲಿ ಹೋಯ್ತು ತಮಾ ಅದು?"

"ಯಾವುದು ನಾಗಕ್ಕಾ?"

"ದನಿ ಹಿಡೀತಿತ್ತಲ್ಲ. ನಮ್ಮ ಹಾಡು ಒಬ್ಳೇ ಹೇಳೂದಲ್ಲ. ಒಬ್ಳು ಹೇಳಿದ್ರೆ ಇನ್ನೊಬ್ಳು ಹಿಂದಿಂದ ದನಿ ಹಿಡೀಬೇಕು. ನಂಗೆ ತಿಮ್ಮಿ ಹಿಡೀತಿದ್ಳು. ಅವ್ಳು ಮಗಳ ಬಾಣಂತನಕ್ಕೆ ವಾಸ್ಕೋಕ್ಕೆ ಹೋಗಿದಾಳೆ. ನಿನ್ನೆ ನಿನ್ನ ಪೆಟ್ಟಿಗೆ ಥೇಟ್ ಅವಳಂಗೇ ಹಿಡೀತು ಹೇಳಿ ನಾ ಹಾಡ್ದೆ. ಇವತ್ತು ಅದ್ನ ಎಂತಕ್ಕೆ ಓಡಿಸ್ದೆ?"

ದೇವಿದಾಸ ಪ್ಲಗ್ಗುಗಳನ್ನೆಲ್ಲ ಮತ್ತೆ ಹಳೇ ಗೋಡೆಗಳಿಗೆ ಹಾಕಿದ. ಸದ್ದಿಲ್ಲ. ದತ್ತಾ ಕೇಬಲ್ ಎಳೆದು ತಂದು ಸಿಕ್ಕಿಸಿದ. ಸದ್ದಿಲ್ಲ. "ಹೊಯ್ದ ಉಪ್ಪು ತೆಗೀಲಿಕ್ಕೆ ನನ್ನಿಂದಾಗೂದಿಲ್ಲ ಮತ್ತೆ" ಎಂದು ತುಳಸಿದಾಸ ಬೇಲಿ ದಾಟಿದ. ದತ್ತಾನಿಗೂ ಮನೆಯಲ್ಲಿ ಕೆಲಸ ನೆನಪಾಯಿತು.

ಹೊತ್ತು ಇಳಿಯುತ್ತಿತ್ತು. ನಾಗಿ ಹೊರಡಲು ಎದ್ದು ಹೊರಗಿನ ಬುಟ್ಟಿಗೆ ಕೈ ಹಾಕಿದಳು.

"ಕೂತ್ಕೊ ನಾಗಕ್ಕಾ" ಎಂದ ದೇವಿದಾಸ. ಅವಳ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕುಳಿತು, ಹಿಡಿದ ಸೊಂಟವನ್ನು ಒತ್ತಿಕೊಂಡು, ಬಾಯಿ ಮುಚ್ಚಿ ದನಿ ಹಿಡಿದ. "ಹೂಂ..."

"ಅಡ್ಡಿಲ್ಲ. ತಿಮ್ಮಿಗೆ ನೆಗಡಿ ಆದಂಗೆ ಅದೆ" ಎಂದು ನಾಗಿ ಹಾಡಿದಳು. ಹಾಡು ಮುಗಿಯುವ ಹೊತ್ತಿಗೆ ದೇವಿದಾಸನ ಕಣ್ಣಿಗೆ ಕತ್ತಲೆ ಬಂದಿತ್ತು. ಕೇಳಿ ನೋಡುವ ತ್ರಾಣವೂ ಇಲ್ಲದೆ ಕಾರವಾರಕ್ಕೆ ಕಳಿಸಿ, ಅಲ್ಲೇ ಚಾಪೆಯ ಮೇಲೆ ಉರುಳಿದ.

ದೀಪ ಹಚ್ಚುವ ಹೊತ್ತಿಗೆ ಫೋನು ಬಡಿದುಕೊಂಡಿತು. ದಮಯಂತಿಯೇ ಎತ್ತಿ ದೇವಿದಾಸನಿಗೂ ಕೇಳುವಂತೆ ಇಟ್ಟಳು.

"ಗೊರಕೆ ಹೋಗ್ಲಿಲ್ಲವಲ್ಲ ಮಾರಾಯಾ" ಎನ್ನುತ್ತಿದ್ದ ಗುರುಪ್ರಸಾದ. "ನಿನ್ನೇದು ಶ್ರುತೀಲಾದ್ರೂ ಇತ್ತು."

ದಮಯಂತಿ ಫೋನಿಟ್ಟು, ಬಾಡಿಗೆಯವರಿಗೆ ಕೋಣೆ ಗುಡಿಸಲು ಕಸಬರಿಗೆ ತರಹೋದಳು.