ಮದ್ದಿನಲ್ಲಿ ಮಾತ್ರ ಜಿಪುಣ

ನಮ್ಮ ಸೋದರಮಾವನಷ್ಟು ಉದಾರಿಗಳು ಡಚ್ಚರ ಊರಾದ ಇಡೀ ಐಂಡ್‌ಹೋವನ್ನಿನಲ್ಲಿ ಇಲ್ಲ. ಅವರಷ್ಟು ಜಿಪುಣರೂ ಇಲ್ಲ! ನೈಮೆಗನ್ನಿನಲ್ಲಿ ಓದುವ ನಾನು ಶನಿವಾರ ಅವರ ಮನೆಗೆ ಹೋದರೆ, ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದಲೇ ತುಪ್ಪ ಸುರಿಯುತ್ತಾರೆ. ಧಾರವಾಡದ ಉಪಚಾರ, ತಪ್ಪಿಸಿಕೊಳ್ಳುವುದುಂಟೇ? ಅದೇ ಮನುಷ್ಯ ಊಟ ಮುಗಿಸಿ ಅಟ್ಟ ಹತ್ತಿ ಕೂತರೆ, ಮದ್ದಿನ ಒಂದು ಕಾಳನ್ನೂ ಹೆಚ್ಚಿಗೆ ಬಡಿಸುವುದಿಲ್ಲ.

ಹೌದು, ಮದ್ದು! ಇರುವೆಗೂ ದಾರಿ ಬಿಡುವ ಈ ಸಸ್ಯಾಹಾರಿ ಒಂದು ರೈಫಲ್ ಕ್ಲಬ್ಬಿನ ಸದಸ್ಯರು. ಕಾಗದದ ಗುರಿಗೆ ಹೊಡೆಯುವುದಕ್ಕಾಗಿ ಪರ್ಮಿಟ್ ಪಡೆದು, ತಮ್ಮ ಕಾಡತೂಸುಗಳಿಗೆ ತಾವೇ ಮದ್ದು ತುಂಬಿಕೊಳ್ಳುತ್ತಾರೆ. ಎಂಜಿನಿಯರ್ ಬೇರೆ; ತೂಗಿದ್ದನ್ನೇ ಮತ್ತೆ ತೂಗುತ್ತಾರೆ. ಆ ಹೊತ್ತಿಗೆ ಮಾಮಿ ಸೀನಿದರೂ ಮೊದಲಿನಿಂದ ಶುರು! ಇಷ್ಟರವರೆಗೆ ಹಾಕಬಹುದು ಎಂದು ಕೈಪಿಡಿ ಹೇಳಿದರೆ, ಮಾಮಾ ಅದಕ್ಕಿಂತ ಕೆಳಗೇ ಕೈ ನಿಲ್ಲಿಸುತ್ತಾರೆ.

“ಇನ್ನೂ ಜಾಗ ಅದ ಅಲ್ರೀ ಮಾಮಾ, ಸ್ವಲ್ಪ ಬಡಸ್ರಿ” ಎಂದು ನಾನು ಕಾಡಿದ್ದುಂಟು.

“ನಿನ್ನ ಹೊಟ್ಟಿ ಹಿಗ್ಗತದ, ರೈಫಲ್ಲಿನ ಹೊಟ್ಟಿ ಹಿಗ್ಗೂದಿಲ್ಲ. ಒಳಗಿನ ಪ್ರೆಶರ್ ಮಿತಿ ದಾಟಿದ್ರ ಅದು ನನ್ನ ಮಾರಿ ಕಡೇನ ಒಡೀತದ!”

ಕಳೆದ ಬೇಸಿಗೆಯಲ್ಲಿ ಕ್ಲಬ್ಬಿನ ಪಂದ್ಯದ ದಿನ ಅಪರೂಪಕ್ಕೆ ಸುಡುಬಿಸಿಲು. ಮಾಮಿಯೂ ನಾನೂ ನೋಡಲು ಹೋಗಿದ್ದೆವು. ಈ ದೇಶದಲ್ಲಿ ಬಿಸಿಲು ಕಂಡರೆ ಮಾಮಿಗೆ ಸುಮ್ಮನಿರಲಾಗದು. ಹಪ್ಪಳ, ಸಂಡಿಗೆ ಇಲ್ಲದಿದ್ದರೆ ಕೊಡೆ, ಚಪ್ಪಲಿ, ಏನಾದರೊಂದು ಒಣಗಲೇಬೇಕು! ಮಾಮಾ ನಮ್ಮ ಪಕ್ಕ ನೆರಳಿನಲ್ಲಿ ಇಟ್ಟಿದ್ದ ಕಾಡತೂಸಿನ ಕಪ್ಪು ಡಬ್ಬಿಯನ್ನೂ ಬಿಸಿಲಿಗೆ ಸರಿಸಿ, “ಥಂಡಿ ಹಿಡದಾವ, ಪಾಪ” ಎಂದರು ಮಾಮಿ.

ಮಾಮಾ ಗೆಲ್ಲುವ ಹಂತದಲ್ಲಿದ್ದರು. ಆ ಡಬ್ಬಿಯಿಂದ ಒಂದು ತೆಗೆದು ಹೊಡೆದರು. ಗುರಿಯ ನಡುವಿಗೇ ತಗುಲಿತು. ಆದರೆ ಖಾಲಿಯಾದದ್ದನ್ನು ಹೊರಹಾಕುವ ರೈಫಲ್ಲಿನ ಬೋಲ್ಟ್ ಎತ್ತಲು ಹೋದರೆ ಬಿಗಿಯಾಗಿ ಕೂತಿತ್ತು. ಹೊರಬಂದ ಖಾಲಿ ಕಾಡತೂಸಿನ ಹಿಂಬದಿ ಚಪ್ಪಟೆಯಾಗಿದ್ದು ನೋಡಿದವರೇ ಬಿಳಿಚಿಕೊಂಡರು. ಒತ್ತಡ ಮಿತಿಗೆ ಬಂದು ಮುಟ್ಟಿದ ಗುರುತು! ಪಕ್ಕದಲ್ಲಿದ್ದ ಡಚ್ ಗೆಳೆಯ “ನೊಖ್ ಏನ್ಚೆ!” ಎಂದ. ಇನ್ನೊಂದೇ ಒಂದು ಹೊಡಿ, ಕಪ್ ನಿನ್ನದೇ ಎಂದು ಅವನ ಒತ್ತಾಯ. ಜನ್ಮವಿಡೀ ‘ಇನ್ನೊಂದೇ ಒಂದು’ ಎಂದು ಮಂದಿಗೆ ಬಡಿಸಿದವರು ಅಂದು ತಾವೇ ಬೇಡ ಎಂದರು! ರೈಫಲ್ ಖಾಲಿ ಮಾಡಿ ಕೆಳಗಿಟ್ಟರು.

ಡಬ್ಬಿ ಮುಟ್ಟಿದರೆ ಕಾದಿತ್ತು. ಮದ್ದು ಕಾದರೆ ಒತ್ತಡ ಏರುತ್ತದೆಂದು ತಿಳಿದದ್ದೇ ಮಾಮಿ ಕುಸಿದು ಕೂತರು. “ಏನ್ರೀ, ನಿಮ್ಮ ಕಣ್ಣು ಹೋಗಿದ್ರ?” ಎಂದು ಅಳತೊಡಗಿದರು. ನಾನು ಮಾಮಾನ ಕಣ್ಣು, ಬೆರಳು ಎಲ್ಲ ಇದ್ದಲ್ಲೇ ಇವೆಯೇ ಎಂದು ನೋಡಿದೆ. ಅಬ್ಬಾ, ಎಲ್ಲ ಇದ್ದವು!

ಬೈಗುಳ ಬರುತ್ತದೆಂದುಕೊಂಡರೆ, ಮಾಮಾ ಮಾಮಿಯ ಕೈ ಹಿಡಿದು ಪಕ್ಕದಲ್ಲೇ ಕೂತರು.

“ಅಳಬ್ಯಾಡ. ಏನೂ ಆಗಿಲ್ಲ ನೋಡು. ಹಿಂಗ ಏನರ ಆಗತದಂತನ ನಾ ಯಾವಾಗ್ಲೂ ಕಡಿಮಿ ತುಂಬತೀನಿ. ಮನ್ಯಾಗ ಮನಷ್ಯಾರಿದ್ದ ಮ್ಯಾಲೆ ಅವರ ತಪ್ಪಿಗೂ ಒಂಚೂರು ಜಾಗ ಇಡಬೇಕಲ್ಲ?”

ಮಾಮಿಯ ಅಳು ಇನ್ನೂ ಜೋರಾಯಿತು. ಆಚೆ ಕಪ್ ಇನ್ಯಾರದೋ ಕೈ ಸೇರಿ ಚಪ್ಪಾಳೆ ಬಿತ್ತು. ಮಾಮಾ ಆ ಕಡೆ ತಿರುಗಿಯೂ ನೋಡಲಿಲ್ಲ.